ಗೋಡೆಗೆ ಡ್ರಿಲ್ ಇಡುವ ಮುಂಚೆ: ಒಳಗಿನ ಚಾನಲ್, ಕಂಬ, ವೈರು ಎಲ್ಲಿವೆ ಎಂದು ಮನೆಯ ಸಾಮಾನಿನಲ್ಲೇ ಹುಡುಕುವ ಬಗೆ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಮಗಳು ಪಿಯುಸಿಗೆ ಬಂದಾಗ ಅವಳಿಗೆ ಓದಲು ಒಂದು ಕೋಣೆ ಬೇಕಾಯಿತು. ಮಹಡಿಯ ದೊಡ್ಡ ಹಾಲಿಗೆ ನಡುವೆ ಜಿಪ್ಸಮ್ ಬೋರ್ಡಿನ ಪಾರ್ಟಿಷನ್ ಹಾಕಿಸಿದೆವು. ಆ ಪಾರ್ಟಿಷನ್‌ಗೆ ಮೂರು ಅಡಿಯ ಪುಸ್ತಕದ ಶೆಲ್ಫ್ ಹಾಕಿದ್ದು ನಾನೇ. ಇಟ್ಟಿಗೆ ಗೋಡೆಗೆ ಹಾಕುವ ಹಾಗೆಯೇ ತೂತು ಕೊರೆದೆ, ಪ್ಲಾಸ್ಟಿಕ್ ಗಿಟ್ಟಿ ಹೊಡೆದೆ, ಸ್ಕ್ರೂ ಬಿಗಿದೆ. ಕೈಯಲ್ಲಿ ಎಳೆದು ನೋಡಿದಾಗ ಗಟ್ಟಿಯಾಗೇ ಇತ್ತು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ರಾತ್ರಿ ಪುಸ್ತಕದ ಸಮೇತ ಇಡೀ ಶೆಲ್ಫ್ ಕಿತ್ತು ಬಂತು. ಮಗಳು ಊಟಕ್ಕೆ ಅಂತ ಕೆಳಗೆ ಬಂದಿದ್ದಳು. ಮೇಲೆ ಹೋಗಿ ನೋಡಿದರೆ ಶೆಲ್ಫಿನ ಚೂಪು ಮೂಲೆ ಅವಳು ಕೂರುವ ಕುರ್ಚಿಯ ಮೇಲೆ ಬಿದ್ದಿತ್ತು.

ಮಾರನೇ ದಿನ ಬಡಗಿಯೊಬ್ಬರನ್ನು ಕರೆಸಿದೆ. ಅವರು ಚೀಲದಿಂದ ಹಳೇ ಸ್ಪೀಕರಿನ ಮ್ಯಾಗ್ನೆಟ್ ತೆಗೆದು ಗೋಡೆಯ ಮೇಲೆ ಮೆಲ್ಲಗೆ ಎಳೆದರು. ಒಂದು ಕಡೆ ಅದು ಟಕ್ ಅಂತ ಅಂಟಿಕೊಂಡಿತು. "ಸಾರ್, ಭಾರ ಹೊರೋದು ಇಲ್ಲಿರೋ ಚಾನಲ್ಲು. ಬೋರ್ಡು ಬರೀ ಮುಚ್ಚಳ" ಅಂದರು. ಚಾನಲ್ ಅಂದರೆ ಬೋರ್ಡಿನ ಹಿಂದೆ ನೆಟ್ಟಗೆ ನಿಲ್ಲಿಸುವ ತಗಡಿನ ಕಂಬ. ನಾನು ಕೊರೆದ ತೂತುಗಳು ಅದರಿಂದ ನಾಲ್ಕೇ ಇಂಚು ಪಕ್ಕದಲ್ಲಿದ್ದವು.

ಅಂದಿನಿಂದ ಯಾವ ಗೋಡೆಗೂ ನಾನು ಹುಡುಕದೆ ಡ್ರಿಲ್ ಇಟ್ಟಿಲ್ಲ. ಇದಕ್ಕೆ ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಾನಿಕ್ ಸಾಧನ ಬೇಕೇ ಬೇಕು ಅಂತೇನಿಲ್ಲ. ಮನೆಯಲ್ಲಿರುವ ಸಾಮಾನೇ ಸಾಕು. ಆದರೆ ಒಂದು ನಿಯಮ ಮಾತ್ರ ಬಿಡಬೇಡಿ. ಒಂದೇ ಗುರುತನ್ನು ನಂಬಿ ತೂತು ಕೊರೆಯಬಾರದು. ಬೇರೆ ಬೇರೆ ಬಗೆಯ ಎರಡು ಗುರುತು ಒಂದೇ ಜಾಗ ತೋರಿಸಿದಾಗ ಮಾತ್ರ ಡ್ರಿಲ್ ಎತ್ತಿಕೊಳ್ಳಿ. ಈ ಬರಹದ ಉದ್ದಕ್ಕೂ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಮೊದಲು, ಇದು ಯಾವ ಗೋಡೆ?

ಯೂಟ್ಯೂಬಿನಲ್ಲಿ ಸ್ಟಡ್ ಹುಡುಕುವ ವಿಡಿಯೋಗಳು ಬೇಕಾದಷ್ಟಿವೆ. ಅವುಗಳಲ್ಲಿ ಜಾಸ್ತಿ ಅಮೆರಿಕದವು. ಅಲ್ಲಿನ ಮನೆಗಳಲ್ಲಿ ಮರದ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಬೋರ್ಡ್ ಹೊಡೆದು ಗೋಡೆ ಮಾಡುತ್ತಾರೆ. ಆ ಕಂಬಕ್ಕೇ ಸ್ಟಡ್ ಅನ್ನುವುದು. ಸಾಮಾನ್ಯವಾಗಿ 16 ಇಂಚಿಗೊಂದು ಸ್ಟಡ್, ಅದರ ಮುಖ ಒಂದೂವರೆ ಇಂಚು ಅಗಲ. ಆ ಲೆಕ್ಕ ಹಿಡಿದುಕೊಂಡು ನಮ್ಮ ಗೋಡೆ ಅಳೆದರೆ ತಪ್ಪುತ್ತದೆ. ನಮ್ಮ ಮನೆಗಳ ಹೆಚ್ಚಿನ ಗೋಡೆಗಳು ಇಟ್ಟಿಗೆಯವು ಇಲ್ಲವೇ ಸಿಮೆಂಟ್ ಬ್ಲಾಕಿನವು. ಅವುಗಳಲ್ಲಿ ಸ್ಟಡ್ ಇರುವುದೇ ಇಲ್ಲ. ಆದರೆ ಮಹಡಿ ಮೇಲಿನ ಪಾರ್ಟಿಷನ್, ಪಿ.ಜೆ. ಬಡಾವಣೆ ಕಡೆಯ ಕ್ಲಿನಿಕ್ಕು, ಕೋಚಿಂಗ್ ಸೆಂಟರು, ಅಂಗಡಿಯ ಹಿಂದಿನ ಸಣ್ಣ ಆಫೀಸು, ಇಲ್ಲೆಲ್ಲ ಈಗ ಜಿಪ್ಸಮ್ ಬೋರ್ಡ್ ಬಂದಿದೆ. ಇವುಗಳೊಳಗೆ ಮರದ ಕಂಬದ ಬದಲು ತಗಡಿನ ಚಾನಲ್ ನಿಂತಿರುತ್ತದೆ. ನಮ್ಮ ಸ್ಟಡ್ ಅಂದರೆ ಅದೇ.

ಯಾವ ಗೋಡೆ ಅಂತ ತಿಳಿಯಲು ಬೆರಳಿನ ಗೆಣ್ಣಿನಿಂದ ತಟ್ಟಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ವಾ, ಹಾಗೆ. ಜಿಪ್ಸಮ್ ಗೋಡೆ ಡಬ್ ಡಬ್ ಅನ್ನುತ್ತದೆ, ಒಳಗೆ ಟೊಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಇಟ್ಟಿಗೆ ಗೋಡೆ ತಟ್ಟಿದರೆ ಗೆಣ್ಣು ನೋಯುತ್ತದೆ, ಸದ್ದು ಜಾಸ್ತಿ ಬರುವುದಿಲ್ಲ. ಪ್ಲೈವುಡ್ ಪಾರ್ಟಿಷನ್ ಮರದ ಪೆಟ್ಟಿಗೆ ತಟ್ಟಿದ ಹಾಗೆ ಕೇಳಿಸುತ್ತದೆ. ಅನುಮಾನ ಬಂದರೆ ಬಾಗಿಲ ಪಕ್ಕ ನಿಂತು ಗೋಡೆಯ ದಪ್ಪ ಅಳೆಯಿರಿ. ಜಿಪ್ಸಮ್ ಪಾರ್ಟಿಷನ್ ಸಾಮಾನ್ಯವಾಗಿ ಮೂರು ಇಂಚಿನ ಆಸುಪಾಸು ಇರುತ್ತದೆ. ಎರಡು ಕಡೆ 12.5 ಮಿಲಿಮೀಟರಿನ ಬೋರ್ಡು, ನಡುವೆ ಸುಮಾರು 50 ಮಿಲಿಮೀಟರಿನ ಚಾನಲ್ಲು. ಅರ್ಧ ಇಟ್ಟಿಗೆ ಗೋಡೆ ಪ್ಲಾಸ್ಟರ್ ಸೇರಿ ಐದು ಇಂಚು ದಾಟುತ್ತದೆ. ಒಂದು ಇಟ್ಟಿಗೆ ಗೋಡೆ ಒಂಬತ್ತು ಹತ್ತು ಇಂಚು.

ಏನೇನು ಬೇಕು

ಮ್ಯಾಗ್ನೆಟ್ಟು, ದಾರ, ಅಳತೆ ಟೇಪು, ಪೆನ್ಸಿಲ್ಲು, ಬಣ್ಣದವರು ಅಂಟಿಸುವ ಕಾಗದದ ಟೇಪು, ಟಾರ್ಚು, ಒಂದು ಗುಂಡುಸೂಜಿ. ಮೊಬೈಲ್ ಹೇಗೂ ಕೈಯಲ್ಲೇ ಇರುತ್ತದೆ.

ಮ್ಯಾಗ್ನೆಟ್ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಅಜ್ಜಿ ಸೂಜಿಗಲ್ಲು ಅನ್ನುತ್ತಿದ್ದರು. ಫ್ರಿಜ್ ಮೇಲೆ ಗೊಂಬೆ ಅಂಟಿಸುವ ತೆಳು ಮ್ಯಾಗ್ನೆಟ್ ಈ ಕೆಲಸಕ್ಕೆ ಬರುವುದಿಲ್ಲ. ಅದರ ಶಕ್ತಿ ಪುಟ್ಟಿ ದಾಟಿ ಒಳಗೆ ಹೋಗುವುದಿಲ್ಲ. ಹಾಳಾದ ಸ್ಪೀಕರಿನದ್ದು ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಕೆಟ್ಟುಹೋದ ಕಂಪ್ಯೂಟರ್ ಹಾರ್ಡ್ ಡಿಸ್ಕಿನ ಒಳಗಿರುವುದು. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಗುಜರಿಗೆ ಇಟ್ಟ ಡಿಸ್ಕ್ ಕೊಡುತ್ತಾರೆ. ಅದು ನಿಯೋಡಿಮಿಯಮ್ ಮ್ಯಾಗ್ನೆಟ್, ಸಣ್ಣದಾದರೂ ತುಂಬಾ ಬಲ. ಎರಡು ಸೇರಿದರೆ ನಡುವೆ ಬೆರಳಿನ ಚರ್ಮ ಕಚ್ಚಿಬಿಡುತ್ತವೆ, ಹುಷಾರು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಬೇಡಿ. ಮಕ್ಕಳ ಕೈಗೂ ಕೊಡಬೇಡಿ.

ಗೋಡೆಗೆ ಗೀರು ಬೀಳದಂತೆ ಮ್ಯಾಗ್ನೆಟ್ಟನ್ನು ಹಳೇ ಕಾಲುಚೀಲದ ತುಂಡಿನಲ್ಲಿ ಸುತ್ತಿಕೊಳ್ಳಿ.

ಜಿಪ್ಸಮ್ ಪಾರ್ಟಿಷನ್‌ನಲ್ಲಿ ಚಾನಲ್ ಹುಡುಕುವುದು

ಈ ಗೋಡೆ ಹೇಗೆ ನಿಲ್ಲುತ್ತದೆ ಅಂತ ಮನಸ್ಸಿನಲ್ಲಿ ಚಿತ್ರ ಇದ್ದರೆ ಅರ್ಧ ಕೆಲಸ ಆದಂತೆ. ನೆಲಕ್ಕೆ ಒಂದು ಅಡ್ಡ ಪಟ್ಟಿ, ಮೇಲೆ ಸೀಲಿಂಗಿಗೆ ಒಂದು ಅಡ್ಡ ಪಟ್ಟಿ. ಎರಡರ ನಡುವೆ ನೆಟ್ಟಗೆ ನಿಂತ ಚಾನಲ್‌ಗಳು. ಬೋರ್ಡಿನ ಅಗಲ ನಾಲ್ಕು ಅಡಿ, ಅಂದರೆ 1220 ಮಿಲಿಮೀಟರ್. ಅದರ ಎರಡು ಅಂಚಿಗೂ ನಡುವಿಗೂ ಆಸರೆ ಸಿಗಲಿ ಅಂತ ಎರಡು ಅಡಿಗೊಂದು, ಅಂದರೆ 610 ಮಿಲಿಮೀಟರಿಗೊಂದು ಚಾನಲ್ ನಿಲ್ಲಿಸುವುದು ರೂಢಿ. ಗಟ್ಟಿ ಬೇಕು ಅಂದ ಕಡೆ ಇನ್ನೂ ಹತ್ತಿರ ನಿಲ್ಲಿಸಿರುತ್ತಾರೆ. ಬೋರ್ಡನ್ನು ಚಾನಲ್‌ಗೆ 20ರಿಂದ 30 ಸೆಂಟಿಮೀಟರಿಗೊಂದು ಸ್ಕ್ರೂ ಹೊಡೆದು ಕೂರಿಸುತ್ತಾರೆ. ಆಮೇಲೆ ಸ್ಕ್ರೂ ತಲೆಯ ಮೇಲೆ ಪುಟ್ಟಿ, ಬೋರ್ಡಿನ ಸಂದಿಗೆ ಕಾಗದದ ಟೇಪು, ಅದರ ಮೇಲೆ ಬಣ್ಣ. ನಾವು ಹುಡುಕಬೇಕಾಗಿರುವುದು ಪುಟ್ಟಿಯ ಕೆಳಗಿರುವ ಆ ಸ್ಕ್ರೂ ತಲೆಗಳನ್ನು.

ಕಣ್ಣಿನಿಂದ ಶುರು ಮಾಡಿ. ರಾತ್ರಿ ಕೋಣೆಯ ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಹಿಡಿಯಿರಿ. ಬೆಳಕು ಗೋಡೆಯ ಮೇಲೆ ಸವರಿಕೊಂಡು ಹೋಗಬೇಕು. ಹಗಲಿನಲ್ಲಿ ಕಾಣದ ಉಬ್ಬು ತಗ್ಗು ಆಗ ನೆರಳು ಚೆಲ್ಲುತ್ತವೆ. ಮೇಲಿನಿಂದ ಕೆಳಗೆ ಅಗಲವಾದ, ತೀರಾ ನಯವಾದ ಉಬ್ಬು ಕಂಡರೆ ಅದು ಎರಡು ಬೋರ್ಡು ಸೇರಿದ ಸಂದಿ. ಸಾಲಾಗಿ ಸಣ್ಣ ಚುಕ್ಕೆಯ ಹಾಗೆ ತಗ್ಗು ಕಂಡರೆ ಸ್ಕ್ರೂ ತಲೆ. ಕರೆಂಟ್ ಹೋದ ಸಂಜೆ ಇದಕ್ಕೆ ಒಳ್ಳೆಯ ಹೊತ್ತು. ಕಂಡ ಕಡೆಯೆಲ್ಲ ಕಾಗದದ ಟೇಪಿನ ಚೂರು ಅಂಟಿಸಿ. ಕೆಲಸ ಮಾಡಿದವರ ಕೈ ಒಳ್ಳೆಯದಿದ್ದರೆ ಏನೂ ಕಾಣದೇ ಇರಬಹುದು. ಬೇಜಾರಾಗಬೇಡಿ, ಮುಂದೆ ಹೋಗೋಣ.

ಈಗ ಮ್ಯಾಗ್ನೆಟ್ಟು. ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಗೋಡೆಗೆ ಒತ್ತಿಟ್ಟು, ಅಡ್ಡಡ್ಡ ನಿಧಾನವಾಗಿ ಎಳೆಯಿರಿ. ಅವಸರ ಮಾಡಿದರೆ ಸ್ಕ್ರೂ ತಪ್ಪಿಹೋಗುತ್ತದೆ. ಒಂದು ಸಾಲು ಮುಗಿದ ಮೇಲೆ ಎರಡು ಬೆರಳು ಕೆಳಗೆ ಇಳಿದು ಮತ್ತೊಂದು ಸಾಲು. ಸ್ಕ್ರೂಗಳ ನಡುವೆ ಒಂದು ಅಡಿವರೆಗೂ ಅಂತರ ಇರುವುದರಿಂದ ಒಂದೇ ಸಾಲಿನಲ್ಲಿ ಎಲ್ಲವೂ ಸಿಗುವುದಿಲ್ಲ. ಎಲ್ಲಿ ಕೈಗೆ ಸಣ್ಣ ಸೆಳೆತ ಗೊತ್ತಾಗುತ್ತದೋ ಅಲ್ಲಿ ನಿಲ್ಲಿಸಿ, ಕೈ ಬಿಟ್ಟು ನೋಡಿ. ಮ್ಯಾಗ್ನೆಟ್ ಅಲ್ಲೇ ನಿಂತರೆ ಅದರ ಕೆಳಗೆ ಸ್ಕ್ರೂ ಇದೆ. ಪೆನ್ಸಿಲಿನಲ್ಲಿ ಗುರುತು ಹಾಕಿ. ಕೈಗೆ ಸೆಳೆತ ಗೊತ್ತಾಗದವರು ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ಗೋಡೆಗೆ ತಾಗಿಯೂ ತಾಗದ ಹಾಗೆ ಇಳಿಬಿಡಿ. ಸ್ಕ್ರೂ ಬಂದ ಕಡೆ ಅದು ಗೋಡೆಯ ಕಡೆಗೆ ವಾಲುತ್ತದೆ.

ಒಂದು ಸ್ಕ್ರೂ ಸಿಕ್ಕಿತು ಅಂತ ಡ್ರಿಲ್ ತೆಗೆಯಬೇಡಿ. ಅದು ವೈರಿನ ಪೈಪಿಗೆ ಹೊಡೆದ ಕ್ಲಿಪ್ ಆಗಿರಬಹುದು, ಸ್ವಿಚ್ ಪೆಟ್ಟಿಗೆಯ ತಗಡಾಗಿರಬಹುದು. ಅದರ ನೇರಕ್ಕೆ ಮೇಲೆ ಒಂದು ಅಡಿ, ಕೆಳಗೆ ಒಂದು ಅಡಿ ಹುಡುಕಿ. ಮೂರು ಗುರುತು ಒಂದೇ ನೆಟ್ಟನೆಯ ಗೆರೆಯಲ್ಲಿ ಬಂದರೆ ಅದು ಚಾನಲ್. ಗೆರೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಒಂದು ಕಬ್ಬಿಣದ ನಟ್ಟು ಕಟ್ಟಿ ಮೇಲಿನ ಗುರುತಿನಿಂದ ಇಳಿಬಿಡಿ. ಗುರುತುಗಳು ಅಡ್ಡ ಸಾಲಿನಲ್ಲಿ ಮಾತ್ರ ಸಿಕ್ಕಿ, ಮೇಲೆ ಕೆಳಗೆ ಏನೂ ಇಲ್ಲ ಅಂದರೆ ಅದು ಬೋರ್ಡಿನ ಅಡ್ಡ ಸಂದಿ. ಭಾರಕ್ಕೆ ಅದನ್ನು ನಂಬಬೇಡಿ.

ಮುಂದಿನದು ಟೇಪಿನ ಕೆಲಸ. ಸಿಕ್ಕಿದ ಗೆರೆಯಿಂದ ಎರಡೂ ಕಡೆಗೆ ಎರಡೆರಡು ಅಡಿ ಅಳೆದು, ಅಲ್ಲೂ ಮ್ಯಾಗ್ನೆಟ್ ಆಡಿಸಿ. ಅಲ್ಲೂ ಅಂಟಿದರೆ ನಿಮ್ಮ ಗೋಡೆಯ ಲೆಕ್ಕ ಸಿಕ್ಕಿತು. ಸಿಗದಿದ್ದರೆ 12 ಮತ್ತು 16 ಇಂಚಿನಲ್ಲಿ ನೋಡಿ. ಗೋಡೆಯ ಮೂಲೆಯಿಂದಲೇ ಅಳೆಯಲು ಹೋಗಬೇಡಿ ಅಂತ ನನ್ನ ಸಲಹೆ. ಕೆಲಸದವರು ಯಾವ ಮೂಲೆಯಿಂದ ಶುರು ಮಾಡಿದರು ಅಂತ ನಮಗೆ ಗೊತ್ತಿರುವುದಿಲ್ಲ. ಕೊನೆಯ ಅಂತರ ಹೇಗೂ ಕತ್ತರಿಸಿದ ತುಂಡು, ಎರಡು ಅಡಿಗಿಂತ ಕಡಿಮೆ ಇರುತ್ತದೆ. ಆದರೆ ಬಾಗಿಲ ಎರಡೂ ಪಕ್ಕದಲ್ಲಿ ಚಾನಲ್ ಇದ್ದೇ ಇರುತ್ತದೆ. ಎಷ್ಟೋ ಕಡೆ ಅದರ ಒಳಗೆ ರೀಪರ್, ಅಂದರೆ ಮರದ ಪಟ್ಟಿ ಕೂಡ ಕೊಟ್ಟಿರುತ್ತಾರೆ. ಹುಡುಕಾಟಕ್ಕೆ ಅದು ಒಳ್ಳೆಯ ಶುರು.

ಮೊಬೈಲಿನಲ್ಲೂ ನೋಡಬಹುದು. ದಿಕ್ಸೂಚಿ ಇರುವ ಫೋನಿನೊಳಗೆ ಕಾಂತಶಕ್ತಿ ಅಳೆಯುವ ಸೆನ್ಸರ್ ಇರುತ್ತದೆ. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಇರುವುದಿಲ್ಲ. ಮೆಟಲ್ ಡಿಟೆಕ್ಟರ್ ಅಂತ ಬರುವ ಆ್ಯಪ್‌ಗಳು ಇದೇ ಸೆನ್ಸರಿನ ಅಂಕಿ ತೋರಿಸುತ್ತವೆ. ಸುಮ್ನೆ ಗಾಳಿಯಲ್ಲಿ ಹಿಡಿದರೆ ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ ತೋರಿಸಬೇಕು. ಅದು ಭೂಮಿಯದೇ ಕಾಂತಶಕ್ತಿ. ಮ್ಯಾಗ್ನೆಟ್ ಇರುವ ಕವರ್ ಹಾಕಿದ್ದರೆ ತೆಗೆಯಿರಿ. ಮೊದಲು ಒಂದು ಕಬ್ಬಿಣದ ಮೊಳೆಯನ್ನು ಫೋನಿನ ಬೆನ್ನ ಮೇಲೆ ಆಡಿಸಿ, ಎಲ್ಲಿ ಅಂಕಿ ಜಾಸ್ತಿ ಏರುತ್ತದೆ ನೋಡಿ. ಸೆನ್ಸರ್ ಇರುವುದು ಅಲ್ಲಿ, ಸಾಮಾನ್ಯವಾಗಿ ಕ್ಯಾಮೆರಾ ಹತ್ತಿರ. ಆ ಭಾಗವನ್ನೇ ಗೋಡೆಗೆ ತಾಗಿಸಿ ಅಡ್ಡಡ್ಡ ಎಳೆಯಿರಿ. ಚಾನಲ್ ಬಂದ ಕಡೆ ಅಂಕಿ ಏರಿ, ದಾಟಿದ ಮೇಲೆ ಇಳಿಯುತ್ತದೆ. ಮ್ಯಾಗ್ನೆಟ್ ತೋರಿಸಿದ ಗೆರೆಯನ್ನೇ ಫೋನೂ ತೋರಿಸಿದರೆ ನಿಮಗೆ ಎರಡನೇ ಸಾಕ್ಷಿ ಸಿಕ್ಕಿತು. ಆದರೆ ಬಲವಾದ ಮ್ಯಾಗ್ನೆಟ್ ಪಕ್ಕದಲ್ಲಿಟ್ಟುಕೊಂಡು ಫೋನ್ ಆಡಿಸಬೇಡಿ. ಅಂಕಿ ಸುಳ್ಳಾಗುತ್ತದೆ.

ಇನ್ನು ಕಿವಿಯ ಸಾಕ್ಷಿ. ಮೋಟರು, ಮಿಕ್ಸಿ, ಟಿವಿ ಎಲ್ಲ ನಿಂತ ಹೊತ್ತಿನಲ್ಲಿ ಗೆಣ್ಣಿನಿಂದ ಒಂದೊಂದು ಇಂಚಿಗೆ ತಟ್ಟುತ್ತಾ ಹೋಗಿ. ಟೊಳ್ಳಿನ ಡಬ್ ಡಬ್ ಚಾನಲ್ ಹತ್ತಿರ ಬಂದಾಗ ಬಿಗಿಯಾದ ಟಪ್ ಟಪ್ ಆಗುತ್ತದೆ. ತಗಡಿನ ಚಾನಲ್ ತೆಳು ಇರುವುದರಿಂದ ಸದ್ದಿನ ವ್ಯತ್ಯಾಸ ಮರದಷ್ಟು ಗೊತ್ತಾಗುವುದಿಲ್ಲ. ಅದಕ್ಕೇ ನಾನು ಇದನ್ನು ಮೊದಲ ಸಾಕ್ಷಿಯಾಗಿ ನಂಬುವುದಿಲ್ಲ. ಮ್ಯಾಗ್ನೆಟ್ ಹೇಳಿದ್ದನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಲು ಬಳಸುತ್ತೇನೆ.

ಕೊನೆಗೆ ಸೂಜಿ. ಶೆಲ್ಫ್ ಹಿಂದೆ ಮರೆಯಾಗುವ ಜಾಗ ಆರಿಸಿ, ಅಲ್ಲಿ ಸ್ಕ್ರೂ ಸಾಲಿನ ಗೆರೆಯಿಂದ ಸ್ವಲ್ಪ ಪಕ್ಕದಲ್ಲಿ ಗುಂಡುಸೂಜಿ ಅಥವಾ ತೀರಾ ತೆಳುವಾದ ಮೊಳೆಯನ್ನು ಮೆಲ್ಲಗೆ ತಟ್ಟಿ. ಅರ್ಧ ಇಂಚು ಹೋದ ಮೇಲೆ ಗಟ್ಟಿಯಾಗಿ ನಿಂತರೆ ತಗಡು ಸಿಕ್ಕಿದೆ. ಸರ್ರನೆ ಒಳಗೆ ಹೋದರೆ ಟೊಳ್ಳು. ಹೀಗೆ ಎಡಕ್ಕೆ ಬಲಕ್ಕೆ ಚುಚ್ಚಿ ಚಾನಲ್ಲಿನ ಎರಡೂ ಅಂಚು ಹುಡುಕಿ. ಅದರ ಮುಖ ಒಂದೂಕಾಲರಿಂದ ಒಂದೂವರೆ ಇಂಚು ಅಗಲ ಇರುತ್ತದೆ. ಹಾಗಾಗಿ ನಿಮ್ಮ ಸ್ಕ್ರೂ ಅಂಚಿಗೆ ಬೀಳಬಾರದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಚಾನಲ್ಲಿನ ಆಕಾರ ಇಂಗ್ಲಿಷಿನ ಸಿ ಅಕ್ಷರದ ಹಾಗೆ. ಒಂದು ಕಡೆ ಬೆನ್ನು, ಇನ್ನೊಂದು ಕಡೆ ಬಾಯಿ. ಬೆನ್ನಿನ ಕಡೆಗೆ ಸ್ಕ್ರೂ ಹೊಡೆದರೆ ತಗಡು ಅಲುಗುವುದಿಲ್ಲ. ಬಾಯಿಯ ಕಡೆಯ ತುದಿಗೆ ಹೊಡೆದರೆ ತಗಡು ಹಿಂದಕ್ಕೆ ಬಾಗಿ ಸ್ಕ್ರೂ ಜಾರುತ್ತದೆ. ಬೆನ್ನು ಯಾವ ಕಡೆ ಅಂತ ತಿಳಿಯಲು ಚಾನಲ್ಲಿನ ಎರಡೂ ಪಕ್ಕದ ಟೊಳ್ಳಿನಲ್ಲಿ ಒಂದೊಂದು ಸಣ್ಣ ತೂತು ಮಾಡಿ, ಬಟ್ಟೆ ಹ್ಯಾಂಗರಿನ ತಂತಿಯ ತುದಿಯನ್ನು ಬಗ್ಗಿಸಿ ಒಳಗೆ ಹಾಕಿ ಚಾನಲ್ ಕಡೆಗೆ ತಿರುಗಿಸಿ. ಬೆನ್ನಿನ ಕಡೆ ಚಪ್ಪಟೆ ತಗಡಿಗೆ ಟಣ್ ಅಂತ ತಾಗುತ್ತದೆ. ಬಾಯಿಯ ಕಡೆ ಅಂಚಿಗೆ ಸಿಕ್ಕಿ ಒಳಕ್ಕೆ ನುಸುಳುತ್ತದೆ. ಆ ತಂತಿ ಹಾಕುವ ಮುಂಚೆ ಕೋಣೆಯ ಕರೆಂಟ್ ಆಫ್ ಆಗಿರಲೇಬೇಕು.

ಪ್ಲೈವುಡ್ ಪಾರ್ಟಿಷನ್

ಹಳೇ ಆಫೀಸು, ಅಂಗಡಿಗಳಲ್ಲಿ ಇದು ಜಾಸ್ತಿ. ಒಳಗೆ ಮರದ ರೀಪರುಗಳ ಚೌಕಟ್ಟು, ಮೇಲೆ ಪ್ಲೈವುಡ್ಡು, ಅದರ ಮೇಲೆ ಮೈಕಾ ಹಾಳೆ. ಮೈಕಾ ಇರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಪ್ಲೈವುಡ್ಡನ್ನು ರೀಪರಿಗೆ ಹೊಡೆದ ಮೊಳೆಗಳು ಮ್ಯಾಗ್ನೆಟ್ಟಿಗೆ ಸಿಗುತ್ತವೆ. ಇಲ್ಲಿ ರೀಪರ್ ನೆಟ್ಟಗೂ ಇರುತ್ತದೆ, ಅಡ್ಡವೂ ಇರುತ್ತದೆ. ಅಂತರಕ್ಕೆ ಇಂಥದ್ದೇ ಲೆಕ್ಕ ಅಂತಿಲ್ಲ, ಬಡಗಿಯ ಕೈಲಿದ್ದ ಮರದ ಮೇಲೆ ಹೋಗುತ್ತದೆ. ತಟ್ಟಿದರೆ ಸದ್ದಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮೊಳೆ ಮತ್ತು ಸದ್ದು ಎರಡೂ ಹೊಂದಿದರೆ ಸಾಕು.

ಇಟ್ಟಿಗೆ ಗೋಡೆಯಲ್ಲಿ ಹುಡುಕಬೇಕಾದ್ದು ಬೇರೆ

ಇಲ್ಲಿ ಇಡೀ ಗೋಡೆಯೇ ಭಾರ ಹೊರುತ್ತದೆ, ಸ್ಟಡ್ ಬೇಕಿಲ್ಲ. ಬದಲಿಗೆ ಎಲ್ಲಿ ಕೊರೆಯಬಾರದು ಅಂತ ಹುಡುಕಬೇಕು. ಕಾಂಕ್ರೀಟ್ ಕಂಬ, ಬಾಗಿಲ ಮೇಲಿನ ಲಿಂಟಲ್, ವೈರಿನ ಪೈಪು, ನೀರಿನ ಪೈಪು.

ಕಂಬ ಹುಡುಕಲು ನಮ್ಮೂರಿನಲ್ಲಿ ಒಂದು ಸುಲಭ ದಾರಿ ಇದೆ. ಟೆರೇಸ್ ಮೇಲೆ ಹೋಗಿ. ಮುಂದೆ ಇನ್ನೊಂದು ಅಂತಸ್ತು ಕಟ್ಟೋಣ ಅಂತ ಎಷ್ಟೋ ಮನೆಗಳಲ್ಲಿ ಕಬ್ಬಿಣದ ಕಂಬಿಗಳನ್ನು ಹಾಗೇ ಮೇಲಕ್ಕೆ ಬಿಟ್ಟಿರುತ್ತಾರೆ. ಕಂಬಿ ಎದ್ದ ಜಾಗದ ನೇರ ಕೆಳಗೆ ಕಂಬ ಇದೆ. ಮೆಟ್ಟಿಲ ಗೋಡೆಯಿಂದ ಅಥವಾ ಮನೆಯ ಹೊರ ಮೂಲೆಯಿಂದ ಅಳೆದುಕೊಂಡು, ಕೆಳಗೆ ಬಂದು ಅದೇ ಅಳತೆ ಹಾಕಿ. ಒಂಬತ್ತು ಇಂಚಿನ ಗೋಡೆಯೊಳಗೆ ಒಂಬತ್ತು ಇಂಚಿನ ಕಂಬ ಪ್ಲಾಸ್ಟರಿನಲ್ಲಿ ಪೂರ್ತಿ ಮುಚ್ಚಿಹೋಗಿರುತ್ತದೆ, ಹೊರಗೆ ಸುಳಿವೇ ಇರುವುದಿಲ್ಲ. ಕಂಬದಲ್ಲಿ ಕೊರೆಯಲೇಬಾರದು ಅಂತಲ್ಲ. ಒಂದೂವರೆ ಇಂಚಿನ ಗಿಟ್ಟಿಗೆ ತೊಂದರೆ ಇಲ್ಲ. ಆದರೆ ಸಾದಾ ಡ್ರಿಲ್ ಅಲ್ಲಿ ಹೋಗುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ಡ್ರಿಲ್ಲಿನ ಬಿಟ್ಟು, ಅಂದರೆ ಕೊರೆಯುವ ಕಡ್ಡಿ, ಕಬ್ಬಿಣಕ್ಕೆ ತಾಗಿ ನಿಂತರೆ ಒತ್ತಬೇಡಿ. ಒಂದೆರಡು ಇಂಚು ಪಕ್ಕಕ್ಕೆ ಸರಿಯಿರಿ. ಕಂಬಿ ಕತ್ತರಿಸಿಕೊಂಡು ಹೋಗುವ ಕೆಲಸ ಯಾವತ್ತೂ ಮಾಡಬೇಡಿ.

ಪರದೆ ರಾಡ್ ಹಾಕುವವರಿಗೆ ಲಿಂಟಲ್ ಕಾಟ ಕೊಡುತ್ತದೆ. ಬಾಗಿಲು ಕಿಟಕಿಗಳ ಮೇಲ್ಭಾಗ ಸಾಮಾನ್ಯವಾಗಿ ಏಳು ಅಡಿಯಲ್ಲಿ ನಿಲ್ಲುತ್ತದೆ. ಅದರ ಮೇಲಿನ ಆರು ಇಂಚು ಕಾಂಕ್ರೀಟು. ಎರಡು ಪಕ್ಕಕ್ಕೂ ಅದು ಅರ್ಧ ಅಡಿಯಷ್ಟು ಚಾಚಿರುತ್ತದೆ. ಕೆಲವು ಮನೆಗಳಲ್ಲಿ ಗೋಡೆ ಪೂರ್ತಿ ಸುತ್ತಿರುತ್ತದೆ. ಬ್ರಾಕೆಟ್ಟನ್ನು ಆ ಪಟ್ಟಿಯ ಮೇಲೆ, ಇಟ್ಟಿಗೆ ಇರುವ ಕಡೆ ಹಾಕಿದರೆ ಸಾದಾ ಡ್ರಿಲ್ ಸಾಕು.

ಕೊರೆಯುವಾಗ ಉದುರುವ ಪುಡಿ ನೋಡುತ್ತಿರಿ. ಇದನ್ನು ನಾನು ಒಬ್ಬ ಗೌಂಡಿಯಿಂದ ಕಲಿತೆ, ಇದರಷ್ಟು ಉಪಯೋಗದ ವಿದ್ಯೆ ಇನ್ನೊಂದಿಲ್ಲ. ಮೊದಲು ಬಿಳಿ ಪುಟ್ಟಿ, ಆಮೇಲೆ ಬೂದು ಬಣ್ಣದ ಪ್ಲಾಸ್ಟರ್, ಅದೂ ಅರ್ಧ ಮುಕ್ಕಾಲು ಇಂಚು. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು, ಮುಂದುವರಿಸಿ. ಬೂದು ಪುಡಿಯೇ ಬರುತ್ತಾ ಬಿಟ್ಟು ಸಲೀಸಾಗಿ ಒಳಗೆ ಹೋಗಿ ಮರಳು ಉದುರಿದರೆ ಅದು ಎರಡು ಇಟ್ಟಿಗೆ ನಡುವಿನ ಗಾರೆ. ಅಲ್ಲಿ ಗಿಟ್ಟಿ ಸಡಿಲವಾಗುತ್ತದೆ, ಒಂದೂವರೆ ಇಂಚು ಮೇಲೋ ಕೆಳಗೋ ಬೇರೆ ತೂತು ಮಾಡಿ. ಬೂದು ಪುಡಿ ಬರುತ್ತಿದೆ, ಬಿಟ್ಟು ಮುಂದೆ ಹೋಗುತ್ತಲೇ ಇಲ್ಲ ಅಂದರೆ ಕಾಂಕ್ರೀಟು. ಸಿಮೆಂಟ್ ಬ್ಲಾಕಿನ ಗೋಡೆಯಾದರೆ ಎಲ್ಲ ಕಡೆಯೂ ಬೂದು ಪುಡಿಯೇ, ಆದರೆ ಬಿಟ್ಟು ಹಟ ಮಾಡದೆ ಹೋಗುತ್ತದೆ. ಪುಡಿಯಲ್ಲಿ ಪ್ಲಾಸ್ಟಿಕ್ಕಿನ ಸುರುಳಿ ಕಂಡರೆ ತಕ್ಷಣ ನಿಲ್ಲಿಸಿ. ಅದು ಪೈಪು.

ಇನ್ನೊಂದು ಮಾತು. ಅರ್ಧ ಇಟ್ಟಿಗೆ ಗೋಡೆಯ ಆಚೆ ಪಕ್ಕದ ಮನೆಯವರಿದ್ದಾರೆ. ಬಿಟ್ಟಿಗೆ ಎರಡು ಇಂಚಿನ ಹತ್ತಿರ ಕಾಗದದ ಟೇಪು ಸುತ್ತಿ. ಟೇಪು ಗೋಡೆಗೆ ತಾಗಿದಾಗ ನಿಲ್ಲಿಸಿ.

ವೈರು, ಪೈಪು

ಇದನ್ನು ನಿಧಾನವಾಗಿ ಓದಿ. ಮ್ಯಾಗ್ನೆಟ್ಟೂ ಫೋನೂ ಕಬ್ಬಿಣವನ್ನು ಮಾತ್ರ ಹುಡುಕುತ್ತವೆ. ವೈರಿನೊಳಗೆ ಇರುವುದು ತಾಮ್ರ, ಅದರ ಹೊರಗೆ ಪ್ಲಾಸ್ಟಿಕ್ ಪೈಪು. ನೀರಿನ ಪೈಪೂ ಈಗ ಪ್ಲಾಸ್ಟಿಕ್ಕೇ. ಮ್ಯಾಗ್ನೆಟ್ ಸುಮ್ಮನಿದೆ ಅಂದರೆ ಒಳಗೆ ವೈರಿಲ್ಲ ಅಂತ ಅರ್ಥ ಅಲ್ಲ. ಮನೆಯಲ್ಲಿರುವ ಸ್ಕ್ರೂಡ್ರೈವರ್ ಟೆಸ್ಟರ್ ಕೂಡ ಗೋಡೆಯೊಳಗಿನ ವೈರನ್ನು ತೋರಿಸುವುದಿಲ್ಲ. ಅದರ ತುದಿ ಕರೆಂಟ್ ಇರುವ ಲೋಹಕ್ಕೇ ಮುಟ್ಟಬೇಕು.

ಹಾಗಾಗಿ ವೈರನ್ನು ತಲೆಯಿಂದ ಹುಡುಕಬೇಕು. ಗೋಡೆಯ ಮುಂದೆ ನಿಂತು ಸ್ವಿಚ್ ಬೋರ್ಡು, ಪ್ಲಗ್ ಪಾಯಿಂಟು, ಟ್ಯೂಬ್‌ಲೈಟ್ ಪಾಯಿಂಟು, ಎಸಿ ಪಾಯಿಂಟು ಎಲ್ಲ ನೋಡಿ. ಪ್ರತಿಯೊಂದರಿಂದ ನೇರ ಮೇಲೆ ಸೀಲಿಂಗಿನ ತನಕ, ನೇರ ಕೆಳಗೆ ನೆಲದ ತನಕ, ಪಕ್ಕದ ಬೋರ್ಡಿನ ತನಕ ಅಡ್ಡ ಗೆರೆ ಊಹಿಸಿಕೊಳ್ಳಿ. ಆ ಗೆರೆಗಳ ಎರಡೂ ಕಡೆ ಆರಾರು ಇಂಚು ಬಿಟ್ಟುಬಿಡಿ. ಆಮೇಲೆ ಗೋಡೆಯ ಆಚೆ ಬದಿಗೂ ಹೋಗಿ ಇದನ್ನೇ ಮಾಡಿ. ಹಾಲಿನ ಗೋಡೆಯ ಹಿಂದೆ ಅಡುಗೆಮನೆಯ ಮಿಕ್ಸಿ ಪಾಯಿಂಟ್ ಇರಬಹುದು. ಪೈಪು, ವೈರು ಉಳಿಸಲು ಓರೆಯಾಗಿ ಗೋಡೆ ಕೊರೆದು ವೈರಿಂಗ್ ಮಾಡಿರುವುದನ್ನೂ ನಾನು ನೋಡಿದ್ದೇನೆ. ಎರಡು ಬೋರ್ಡುಗಳ ನಡುವಿನ ಓರೆ ಗೆರೆಯಲ್ಲೂ ಅನುಮಾನ ಇಟ್ಟುಕೊಳ್ಳಿ. ಟಾರ್ಚನ್ನು ಗೋಡೆಗೆ ಒರಗಿಸಿ ನೋಡಿದರೆ, ಪೈಪು ಇಟ್ಟು ಮುಚ್ಚಿದ ಕಡೆ ಉದ್ದಕ್ಕೆ ಕೂದಲೆಳೆಯ ಬಿರುಕು ಎಷ್ಟೋ ಸಲ ಕಾಣುತ್ತದೆ. ಗೆರೆಯ ಲೆಕ್ಕವೂ ಬಿರುಕೂ ಹೊಂದಿದರೆ ವೈರಿನ ದಾರಿ ಖಾತ್ರಿ.

ಜಿಪ್ಸಮ್ ಗೋಡೆಯಲ್ಲಿ ಇನ್ನೂ ಹುಷಾರಾಗಿರಬೇಕು. ಚಾನಲ್‌ಗಳ ಬೆನ್ನಿನಲ್ಲಿ ತೂತುಗಳಿರುತ್ತವೆ, ವೈರು ಅವುಗಳ ಮೂಲಕ ಅಡ್ಡ ಹೋಗುತ್ತದೆ. ಅದಕ್ಕೇ ಉದ್ದ ಸ್ಕ್ರೂ ಹಾಕಬೇಡಿ. ಬೋರ್ಡು ಅರ್ಧ ಇಂಚು, ತಗಡು ಅರ್ಧ ಮಿಲಿಮೀಟರಿನ ಆಸುಪಾಸು. ಗೋಡೆಯೊಳಗೆ ಒಂದು ಇಂಚು ಹೋದರೆ ಸಾಕು.

ಕೊರೆಯುವ ಮುಂಚೆ ಆ ಕೋಣೆಯ ಎಂಸಿಬಿ, ಅಂದರೆ ಮೇನ್ ಬೋರ್ಡಿನಲ್ಲಿ ಆ ಕೋಣೆಯ ಕರೆಂಟ್ ಕಡಿಯುವ ಸ್ವಿಚ್ಚು, ಆಫ್ ಮಾಡಿ. ಡ್ರಿಲ್‌ಗೆ ಕರೆಂಟ್ ಬೇಕಲ್ವಾ, ಅದಕ್ಕೆ ಬೇರೆ ಎಂಸಿಬಿ ಇರುವ ಕೋಣೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಳ್ಳಿ. ಗೋಡೆಯ ಹಿಂದಿನ ಕೋಣೆಯದೂ ಆಫ್ ಇರಲಿ. ಒಳಗೆ ಹರಿಯುವುದು 230 ವೋಲ್ಟು. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ.

ಬಚ್ಚಲುಮನೆ ಗೋಡೆಗೆ ನನ್ನ ಸಲಹೆ ಚಿಕ್ಕದು. ನಲ್ಲಿ, ಗೀಸರ್, ಶವರ್ ಇವುಗಳ ನಡುವಿನ ಜಾಗವನ್ನು ಮುಟ್ಟಲೇಬೇಡಿ. ಗೋಡೆಯ ಆಚೆ ಮಲಗುವ ಕೋಣೆ ಇದ್ದರೆ ಆ ಕಡೆಯಿಂದಲೂ ಮುಟ್ಟಬೇಡಿ.

ಮಣ್ಣಿನ ಗೋಡೆ

ಚಿತ್ರದುರ್ಗದ ಕಡೆ ನಮ್ಮ ನೆಂಟರ ಹಳ್ಳಿಮನೆ ಇನ್ನೂ ಮಣ್ಣಿನ ಮಾಳಿಗೆಯದು. ಅಡಿಗಿಂತ ದಪ್ಪದ ಗೋಡೆ. ಅಲ್ಲಿ ಮೊಳೆ ಹೊಡೆದರೆ ಮಣ್ಣು ಉದುರಿ ತೂತು ದೊಡ್ಡದಾಗುತ್ತದೆ, ಗಿಟ್ಟಿ ಹಿಡಿಯುವುದಿಲ್ಲ. ಹಿಂದಿನವರು ಗೋಡೆ ಏಳುವಾಗಲೇ ಮರದ ಗೂಟ ಸೇರಿಸುತ್ತಿದ್ದರು. ಬಟ್ಟೆ, ಬುತ್ತಿ ಚೀಲ, ಹಗ್ಗ ಎಲ್ಲ ಅದಕ್ಕೇ ನೇತು ಹಾಕುತ್ತಿದ್ದರು. ಎಷ್ಟೋ ಗೂಟಗಳನ್ನು ಆಮೇಲೆ ಗೋಡೆಯ ಮಟ್ಟಕ್ಕೆ ಕತ್ತರಿಸಿ ಸುಣ್ಣ ಬಳಿದಿರುತ್ತಾರೆ. ತಟ್ಟುತ್ತಾ ಹೋದರೆ ಮಂದ ಸದ್ದಿನ ನಡುವೆ ಮರದ ಟಕ್ ಟಕ್ ಸಿಗುತ್ತದೆ. ಸೂಜಿ ಚುಚ್ಚಿ ನೋಡಿ, ಮಣ್ಣಲ್ಲಿ ಸಲೀಸಾಗಿ ಹೋಗುವುದು ಮರಕ್ಕೆ ಕಚ್ಚಿಕೊಳ್ಳುತ್ತದೆ. ಗೂಡಿನ ಮೇಲೂ ಮರದ ಹಲಗೆ ಇರುತ್ತದೆ. ಇವು ಸಿಗದಿದ್ದರೆ ಭಾರವನ್ನು ತೊಲೆಗೋ ಕಂಬಕ್ಕೋ ಕೊಡಿ, ಗೋಡೆಗೆ ಕೊಡಬೇಡಿ.

ಜಾಗ ಸಿಕ್ಕಿತು, ಮುಂದೆ?

ಫೋಟೋ, ಗಡಿಯಾರದಂಥ ಹಗುರ ಸಾಮಾನಿಗೆ ಒಂದು ಚಾನಲ್ಲು, ಒಂದು ಸ್ಕ್ರೂ ಸಾಕು. ತಗಡಿಗೆ ಹಾಕುವ ಸಣ್ಣ ಹಲ್ಲಿನ ಸ್ಕ್ರೂ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಮೊದಲೇ ದೊಡ್ಡ ತೂತು ಮಾಡಬೇಡಿ. ತೆಳು ತಗಡಿನಲ್ಲಿ ತೂತು ದೊಡ್ಡದಾದರೆ ಸ್ಕ್ರೂ ಸುಮ್ನೆ ಸುತ್ತುತ್ತದೆ.

ಪುಸ್ತಕದ ಶೆಲ್ಫಿಗೆ ಎರಡು ಚಾನಲ್ ಬೇಕೇ ಬೇಕು. ನಮ್ಮ ಮನೆಯಲ್ಲಿ ಆಮೇಲೆ ಮಾಡಿದ್ದು ಹೀಗೆ. 18 ಮಿಲಿಮೀಟರಿನ ಪ್ಲೈವುಡ್ ಹಲಗೆಯನ್ನು ಎರಡು ಚಾನಲ್ ಮುಟ್ಟುವಷ್ಟು ಉದ್ದ ಕತ್ತರಿಸಿ, ಒಂದೊಂದು ಚಾನಲ್‌ಗೆ ನಾಲ್ಕು ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆವು. ಶೆಲ್ಫಿನ ಬ್ರಾಕೆಟ್ ಆ ಹಲಗೆಗೆ ಹೋಯಿತು. ಭಾರ ಎಂಟು ಸ್ಕ್ರೂಗಳಿಗೆ ಹಂಚಿಹೋಗುತ್ತದೆ. ಹಲಗೆಗೆ ಗೋಡೆಯದೇ ಬಣ್ಣ ಬಳಿದ ಮೇಲೆ ಅದು ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ಟಿವಿಗೂ ಇದೇ ದಾರಿ. ಗೀಸರ್, ಎಸಿ ಇವನ್ನು ಮಾತ್ರ ತಗಡಿನ ಚಾನಲ್‌ಗೆ ನೇತು ಹಾಕಬೇಡಿ, ಎಷ್ಟು ಸ್ಕ್ರೂ ಇದ್ದರೂ ಬೇಡ. ಅವು ಇಟ್ಟಿಗೆ ಗೋಡೆಗೇ ಹೋಗಲಿ.

ಕೆಲಸ ಮುಗಿದ ಮೇಲೆ ಸೂಜಿಯ ತೂತುಗಳಿಗೆ ಪುಟ್ಟಿ ಸವರಿ. ಟೇಪಿನ ಚೂರುಗಳನ್ನು ತೆಗೆಯುವ ಮುಂಚೆ ಗೋಡೆಯ ಒಂದು ಫೋಟೋ ಹೊಡೆದುಕೊಳ್ಳಿ. ಮೂಲೆಯಿಂದ ಚಾನಲ್‌ಗಳ ದೂರ ಬರೆದ ಚೀಟಿಯನ್ನು ನಾವು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇವೆ. ಈಗ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರ್ ಆಗುವ ಮುಂಚಿನ ದಿನ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ. ಟೇಪಿನ ಅಂಕಿ, ವೈರಿನ ಪೈಪು, ನೆಲ, ಮೂರೂ ಒಂದೇ ಫೋಟೋದಲ್ಲಿ ಕಾಣಬೇಕು.